ಪಕ್ಕದ ಸೀಟಿನ ಬ್ರೇಕು

ಬ್ರೇಕ್ ಮಾಸ್ತರು ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಸ್ವಂತ ಹೆಸರು ಅಂತ ಒಂದಿತ್ತು, ಮನೆ ಬಾಗಿಲ ಫಲಕದ ಮೇಲೆ ಮಾಸಿಹೋಗಿ ಕೂತಿತ್ತು. ಆ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಜೀವಮಾನವಿಡೀ ಜನಕ್ಕೆ ಕಾರು ಓಡಿಸಲು ಕಲಿಸಿದವರು. ಊರಿನ ಅರ್ಧ ಮಂದಿ ಸ್ಟೀರಿಂಗ್ ಹಿಡಿದದ್ದೇ ಅವರ ಬೈಗುಳ ಕೇಳುತ್ತ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಪೆಡಲ್ ಇರುತ್ತದಲ್ಲ, ಬೇರೆ ಮಾಸ್ತರುಗಳು ಅದನ್ನು ಆಪತ್ತಿಗೆ ಅಂತ ಇಟ್ಟುಕೊಂಡಿರುತ್ತಾರೆ. ಇವರದು ಹಾಗಲ್ಲ. ಸೀಟಿನಲ್ಲಿ ಕೂತ ಗಳಿಗೆಯಿಂದ ಇಳಿಯುವ ಗಳಿಗೆಯವರೆಗೆ ಬಲಗಾಲು ಆ ಪೆಡಲಿನ ಮೇಲೇ ಇರುತ್ತಿತ್ತು.

"ಎದುರಿಗೆ ಬರೋನು ಕುಡಿದಿದ್ದಾನೆ ಅಂದ್ಕೋ. ಹಿಂದೆ ಬರೋನು ನಿದ್ದೆ ಮಾಡ್ತಿದ್ದಾನೆ ಅಂದ್ಕೋ. ನೀನು ಕತ್ತೆ ಅನ್ನೋದು ನನಗೆ ಮೊದಲೇ ಗೊತ್ತಿದೆ." ಯಾರೇ ಕಲಿಯಲು ಬರಲಿ, ಮೊದಲ ದಿನದ ಪಾಠ ಇದೇ.

ರಸ್ತೆಯಲ್ಲಿ ಅನುಮಾನ ಒಳ್ಳೆಯದೇ ಅನ್ನಿ. ಆದರೆ ಮಾಸ್ತರು ಅದನ್ನು ಮನೆಗೂ ಹೊತ್ತು ತರುತ್ತಿದ್ದರು. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ವಾಪಸ್ಸು ಬಂದು ಬೀಗ ಜಗ್ಗಿ ನೋಡುವ ಜಾತಿ ಅವರದು. ವೈದ್ಯರು ಮಾತ್ರೆ ಬರೆದುಕೊಟ್ಟರೆ, ಈ ವೈದ್ಯರು ಹೇಗೆ ಅಂತ ಔಷಧಿ ಅಂಗಡಿಯವನನ್ನು ವಿಚಾರಿಸುವವರು. "ಮಗಳು ಹುಟ್ಟಿದಾಗ ನರ್ಸ್ ತಂದು ಕೈಗೆ ಕೊಟ್ಟಳು. ಇವರು ಮಗುವಿನ ಮುಖ ನೋಡಿ, ಇದು ನಮ್ಮದೇ ತಾನೇ ಅಂತ ಕೇಳಿದ್ರು ಕಣ್ರೀ!" ಎಂದು ಅವರ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮಾಸ್ತರಿಗೆ ಅದರಲ್ಲಿ ನಗುವಂಥದ್ದೇನಿದೆ ಅಂತ ಇವತ್ತಿಗೂ ಅರ್ಥವಾಗಿಲ್ಲ. ಅಷ್ಟೊಂದು ತೊಟ್ಟಿಲು ಸಾಲಾಗಿದ್ದವು, ಕೇಳುವುದರಲ್ಲಿ ತಪ್ಪೇನು?

ಕಣ್ಣು ಮಂಜಾದ ಮೇಲೆ ಸ್ಕೂಲು ನಿಂತಿತು, ಕಾರು ಉಳಿಯಿತು. ಆ ಮುದಿ ಕಾರಿನಲ್ಲೇ ಮಗಳು ಒಂದು ಕೆಲಸ ಹಿಡಿದಳು. ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಮನೆಗೆ ಮುಟ್ಟಿಸುವುದು, ಡಯಾಲಿಸಿಸ್‌ಗೆ ಹೋಗುವವರನ್ನು ಕರೆತರುವುದು. ಅಚ್ಚುಕಟ್ಟಾದ ಹುಡುಗಿ. ಹಿಂದಿನ ಸೀಟಿನಲ್ಲಿ ದಿಂಬು, ಬಾಗಿಲ ಜೇಬಿನಲ್ಲಿ ವಾಂತಿಗೆ ಚೀಲ, ಹತ್ತಲಾರದವರಿಗೆ ಒಂದು ಪುಟ್ಟ ಮಣೆ. ಆಸ್ಪತ್ರೆಯವರು ಬೇರೆ ಯಾರನ್ನೂ ಕರೆಯದೆ ಅವಳನ್ನೇ ಕರೆಯುತ್ತಿದ್ದರು. ಎಲ್ಲ ಸರಿ, ಮಗಳನ್ನು ಒಬ್ಬಳೇ ಬಿಡಲು ಮಾಸ್ತರಿಗೆ ಧೈರ್ಯ ಬರಬೇಕಲ್ಲ! ದಿನಾ ಬೆಳಗ್ಗೆ ಅವಳಿಗಿಂತ ಮುಂಚೆ ಷೂ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಹಾಜರು. ಕಾಲು ಪೆಡಲಿನ ಮೇಲೆ.

ಒಂದು ಸಲ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಹೆಂಗಸೊಬ್ಬರು ಹಿಂದೆ ಕೂತಿದ್ದಾಗ, ಬೆಕ್ಕು ಅಡ್ಡ ಬಂತೆಂದು ಮಾಸ್ತರು ಒತ್ತಿದ ರಭಸಕ್ಕೆ ಆಕೆ ಮುಂದಿನ ಸೀಟಿಗೆ ಬಡಿದು ಚೀರಿಕೊಂಡರು. ಬಂದದ್ದು ಬೆಕ್ಕೂ ಅಲ್ಲ, ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ. ಮಗಳು ಇಳಿದು ಆಕೆಯ ಬೆನ್ನಿಗೆ ದಿಂಬು ಸರಿಮಾಡಿದಳು. ಕೆಲವು ದಿನಗಳಾದ ಮೇಲೆ ಪೆಡಲ್ ಹಗುರವಾದಂತೆ ಕಂಡಿತು. ಮಾಸ್ತರು ಬಿಡುತ್ತಾರೆಯೇ?

"ಇದಕ್ಕೇನು ಮಾಡಿಸಿದೆ?"

"ಎಣ್ಣೆ ಹಾಕಿಸಿದೆ ಅಪ್ಪ. ತುಕ್ಕು ಹಿಡಿದಿತ್ತು."

ಅವರು ಬೇಕೆಂದೇ ಅಲ್ಲಲ್ಲಿ ಒತ್ತಿ ಪರೀಕ್ಷೆ ಮಾಡಿದರು. ಒತ್ತಿದಾಗೆಲ್ಲ ಕಾರು ಜರ್ಕಿಲ್ಲದೆ ನಯವಾಗಿ ನಿಧಾನವಾಯಿತು. ಸಮಾಧಾನವಾಯಿತು. "ನನ್ನ ಕಾಲು ಈಗ ಪಳಗಿದೆ ನೋಡು" ಎಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟರು. ಮಗಳ ಬಗ್ಗೆ ಇದ್ದ ದೂರು ಒಂದೇ: ಓಡಿಸುವಾಗ ಪದೇ ಪದೇ ಅವಳ ಕಣ್ಣು ಕೆಳಗೆ ಹೋಗುತ್ತಿತ್ತು. "ರಸ್ತೆ ನೋಡು ಮಾರಾಯ್ತಿ! ಕೆಳಗೇನು ನೋಡ್ತೀಯ? ಫೋನಾ?" ಎಂದು ಗದರುತ್ತಿದ್ದರು. ಅವಳು "ಏನಿಲ್ಲಪ್ಪ" ಅನ್ನುತ್ತಿದ್ದಳು. ಆ ಏನಿಲ್ಲದಲ್ಲಿ ಏನೋ ಇದೆ ಅಂತ ಮಾಸ್ತರಿಗೆ ಗುಮಾನಿ.

ಹೀಗಿರುವಾಗ ಸರ್ಕಾರದ ಯೋಜನೆ ಬಂತು. ಹೊಗೆ ಕಾರುವ, ಪೆಟ್ರೋಲು ಕುಡಿಯುವ ಹಳೆಯ ಕಾರನ್ನು ಗುಜರಿಗೆ ಒಪ್ಪಿಸಿದರೆ ಹೊಸ ಕಾರಿನ ಬೆಲೆಯಲ್ಲಿ ಒಳ್ಳೆಯ ರಿಯಾಯಿತಿ. ತಿಂಗಳ ಕೊನೆಯವರೆಗೆ ಮಾತ್ರ. ಅದರ ಬೆನ್ನಿಗೇ ಇನ್ನೊಂದು ಆದೇಶ: ಆಮೇಲೆ ಹಳೆಯ ಕಾರುಗಳಿಗೆ ಆಸ್ಪತ್ರೆ ರಸ್ತೆಗೆ ಪ್ರವೇಶವಿಲ್ಲ. ಅಂದರೆ ಕಾರು ಬದಲಾಗದಿದ್ದರೆ ಮಗಳ ಕೆಲಸ ಹೋಯಿತು ಅಂತಲೇ ಲೆಕ್ಕ. ಕಾರು ಇರುವುದು ಮಾಸ್ತರ ಹೆಸರಿನಲ್ಲಿ. ಅವರು ಹೂಂ ಅನ್ನಬೇಕು. ರಾತ್ರಿ ಊಟಕ್ಕೆ ಕೂತಾಗ ಮಗಳು ಮಾತೆತ್ತಿದಳು.

"ಸರ್ಕಾರ ಯಾವತ್ತು ಯಾರಿಗೆ ಸುಮ್ಮನೆ ಕೊಟ್ಟಿದೆ, ಹೇಳು ನೋಡೋಣ?"

"ಸುಮ್ಮನೆ ಎಲ್ಲಿ ಅಪ್ಪ, ಕಾರು ತಗೊಳ್ತಾರಲ್ಲ."

"ಅದೇ! ತಗೊಂಡು ಏನ್ಮಾಡ್ತಾರೆ? ಬಣ್ಣ ಬಳಿದು ಇನ್ನೊಂದು ಊರಲ್ಲಿ ಮಾರ್ತಾರೆ. ನನ್ನ ಕಿವಿ ಮೇಲೆ ಹೂ ಇಡ್ತಾರೆ. ಅದು ಸರಿ, ನಿನಗ್ಯಾಕೆ ಇಷ್ಟು ಅವಸರ? ಆ ಹಲ್ಲುಗಿಂಜುವವನು ನಿನಗೇನಾದ್ರೂ ಕೊಡ್ತೀನಿ ಅಂದಿದ್ದಾನಾ?"

ಹಲ್ಲುಗಿಂಜುವವನು ಅಂದರೆ ಹೊಸ ಕಾರಿನ ಅಂಗಡಿಯ ಸೇಲ್ಸ್‌ಮನ್. ಪಾಪ, ಅವನ ತಪ್ಪೆಂದರೆ ಮಾಸ್ತರನ್ನು ಕಂಡಾಗೆಲ್ಲ ಎದ್ದು ನಿಂತು ನಕ್ಕದ್ದು. ಮಗಳು ತಟ್ಟೆಯ ಮುಂದಿನಿಂದ ಎದ್ದು ಹೋದಳು. ಹೆಂಡತಿ ಸೌಟು ಹಿಡಿದುಕೊಂಡೇ ತಿರುಗಿ, "ರೀ, ನಿಮ್ಮ ನೆರಳು ಹಿಂದೆ ಬಂದ್ರೂ ಯಾರು ಕಳಿಸಿದ್ದು ಅಂತ ಕೇಳ್ತೀರಿ ನೀವು" ಅಂದರು.

ಮಾಸ್ತರು ಬಾಯಿಮಾತಿಗೆ ಬಗ್ಗುವವರಲ್ಲ. ಮರುದಿನ ಮಧ್ಯಾಹ್ನ ಗುಜರಿ ಅಂಗಳದ ಹಿಂದಿನ ಗೇಟಿನ ಎದುರು, ಟೀ ಅಂಗಡಿಯ ಬೆಂಚಿನ ಮೇಲೆ ಮೈಯೆಲ್ಲ ಕಣ್ಣಾಗಿ ಕೂತರು. ಮುಂದಿನ ಗೇಟಿನಿಂದ ಕಾರುಗಳು ಒಳಗೆ ಹೋಗುತ್ತವೆ, ಸರಿ. ಹಿಂದಿನಿಂದ ಏನು ಹೊರಗೆ ಬರುತ್ತದೆ? ಅದು ಗೊತ್ತಾಗಬೇಕು. ಟೀ ಆರಿತು, ಇನ್ನೊಂದು ಟೀ ಬಂತು. ಕೊನೆಗೆ ಟಾರ್ಪಾಲ್ ಮುಚ್ಚಿದ ಲಾರಿಯೊಂದು ಹೊರಬಂತು. ಮಾಸ್ತರು ಕೈ ಅಗಲಿಸಿ ಅದರ ಮುಂದೆ ನಿಂತೇಬಿಟ್ಟರು.

"ಯಾಕಣ್ಣ, ಸಾಯೋದಕ್ಕೆ ನನ್ನ ಲಾರಿನೇ ಬೇಕಿತ್ತಾ?" ಅಂದ ಚಾಲಕ.

"ಟಾರ್ಪಾಲ್ ಎತ್ತು. ಒಳಗೇನಿದೆ ನೋಡ್ಬೇಕು."

ಚಾಲಕ ಅವರನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಮುಖ ಅರಳಿತು. "ಅಯ್ಯೋ, ಮಾಸ್ತರು! ನನಗೆ ಕಲಿಸಿದ್ದು ನೀವೇ ಅಲ್ವಾ? ಕತ್ತೆ ಅಂತಿದ್ರಿ." ಇಳಿದು ಬಂದು ಟಾರ್ಪಾಲಿನ ಮೂಲೆ ಎತ್ತಿದ. ಒಳಗೆ ಹಾಸಿಗೆ ಸುರುಳಿಯಷ್ಟು ದಪ್ಪಕ್ಕೆ ಜಜ್ಜಿದ ತಗಡಿನ ಗಂಟುಗಳು. ಒಂದರಿಂದ ಮುರಿದ ಕನ್ನಡಿಯ ತುಂಡು ಇಣುಕುತ್ತಿತ್ತು. ಮಾಸ್ತರು ಬೆರಳಿಂದ ಚುಚ್ಚಿ ನೋಡಿದರು. ಕಾರೇ. ಮೋಸವಿದ್ದಿದ್ದರೆ ಜಗಳವಾಡಬಹುದಿತ್ತು; ಇದು ನಿಜವಾಗಿಯೂ ಸಾವು.

ಆದರೂ ಸುಮ್ಮನೆ ಒಪ್ಪಲಿಲ್ಲ, ಎರಡು ಷರತ್ತು ಹಾಕಿದರು. ಒಂದು, ಎಂಜಿನ್ ಸಾಯುವುದನ್ನು ತಾವು ಕಣ್ಣಾರೆ ನೋಡಬೇಕು. ಇನ್ನೊಂದು, ಪಕ್ಕದ ಸೀಟಿನ ಬ್ರೇಕನ್ನು ಬಿಚ್ಚಿ ಕೈಗೆ ಕೊಡಬೇಕು. ಹೊಸ ಕಾರಿಗೆ ಅದನ್ನೇ ಹಾಕಿಸಬೇಕು. "ಅಂಗಡಿಯವರ ಹೊಸ ಪೆಡಲ್ ನಾನು ನಂಬಲ್ಲ. ಇದು ನನ್ನ ಕಾಲಿಗೆ ಒಗ್ಗಿದೆ."

ಎರಡನೆಯ ಷರತ್ತು ಕೇಳಿ ಮಗಳು ಯಾಕೋ ತಡಬಡಾಯಿಸಿದಳು. "ಅದ್ಯಾಕಪ್ಪ ಬೇಕು? ಬೇಡ ಬಿಡಿ, ಹೊಸದನ್ನೇ ಹಾಕಿಸ್ತೀನಿ." ಅವಳು ಬೇಡ ಅಂದಷ್ಟೂ ಮಾಸ್ತರು ಬೇಕೇ ಬೇಕು ಅಂದರು.

ಕೊನೆಯ ದಿನ ಗುಜರಿ ಅಂಗಳಕ್ಕೆ ಹೋದರು. ಅಂಗಳದಲ್ಲಿ ಗ್ರೀಸ್ ಮೆತ್ತಿದ ಟೋಪಿಯ ಫಿಟ್ಟರ್ ಒಬ್ಬ ಕಾರಿನೊಳಗೆ ತಲೆ ತೂರಿಸಿ, ಪಕ್ಕದ ಪೆಡಲಿಗೆ ಸ್ಪ್ಯಾನರ್ ಹಾಕಿದ. ಹಾಕಿದಷ್ಟೇ ಬೇಗ ತಲೆ ಹೊರಗೆ ತೆಗೆದ.

"ಇದೇನು ಯಜಮಾನ್ರೇ, ಇದನ್ನ ಯಾಕೆ ಬಿಚ್ಚಿಸ್ತೀರಿ? ಇದು ಯಾವುದಕ್ಕೂ ಸೇರೇ ಇಲ್ಲ. ಕೇಬಲ್ ತೆಗೆದು ಬರೀ ಸ್ಪ್ರಿಂಗ್ ಇಟ್ಟಿದ್ದಾರೆ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಈಗ ಬರುವಾಗಲೂ ಇದರಲ್ಲೇ ಬ್ರೇಕ್ ಹಾಕಿದ್ದೀನಿ."

ಫಿಟ್ಟರ್ ಪೆಡಲನ್ನು ಕಿತ್ತು ಅವರ ಕೈಗೆ ಕೊಟ್ಟ. ಬಾಲವಿಲ್ಲದ ಪೆಡಲ್. ಕೇಬಲ್ ಇರಬೇಕಾದ ತೂತಿನಲ್ಲಿ ಜೇಡರ ಬಲೆ ಕಟ್ಟಿತ್ತು. ಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾರು? ಗ್ಯಾರೇಜಿನವನಾ? ಹಲ್ಲುಗಿಂಜುವವನಾ? ನನ್ನನ್ನು ಕೊಲ್ಲಲು ಯಾರು ಹೊಂಚುಹಾಕಿದರು?

"ನಾನೇ ಬಿಚ್ಚಿಸಿದ್ದು ಅಪ್ಪ" ಅಂದಳು ಮಗಳು.

"ನೀನಾ? ಯಾವಾಗ?"

"ಆ ಹೊಲಿಗೆ ಹಾಕಿಸಿಕೊಂಡಿದ್ದ ಅಮ್ಮ ಚೀರಿಕೊಂಡ್ರಲ್ಲ, ಅದಾದ ಮೇಲೆ."

"ಸುಳ್ಳು! ಆಮೇಲೂ ನಾನು ಒತ್ತಿದಾಗೆಲ್ಲ ಗಾಡಿ ನಿಂತಿದೆ."

"ನಾನು ನಿಲ್ಲಿಸ್ತಿದ್ದೆ. ನಿಮ್ಮ ಕಾಲು ನೋಡ್ತಿದ್ದೆ. ಅದು ಕೆಳಗೆ ಹೋದ ತಕ್ಷಣ ನಾನೂ ಮೆಲ್ಲಗೆ ಬ್ರೇಕ್ ಹಾಕ್ತಿದ್ದೆ. ನಿಮಗೆ ಬೇಜಾರಾಗಬಾರ್ದು ಅಂತ."

ಮಾಸ್ತರಿಗೆ ಕೋಪ ನೆತ್ತಿಗೇರಿತು. ಜಗತ್ತನ್ನೆಲ್ಲ ಅನುಮಾನಿಸಿದ ಮನುಷ್ಯನಿಗೆ ಮನೆಯೊಳಗೇ ಟೋಪಿ! "ಗಾಡಿ ಕೊಡಲ್ಲ. ಬೀಗದ ಕೈ ತಾ ಇಲ್ಲಿ. ಮೋಸಗಾತಿ! ಮನೆಗೆ ಹೋಗೋಣ ನಡಿ" ಎಂದು ಕೂಗಾಡಿದರು. ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡತೊಡಗಿದರು.

ಮಗಳು ಬೀಗದ ಕೈಯನ್ನು ಕಾರಿನ ಬಾನೆಟ್ ಮೇಲಿಟ್ಟಳು. "ತಗೊಳ್ಳಿ. ನಾಳೆಯಿಂದ ನನ್ನ ಕೆಲಸ ಮುಗೀತು, ಮನೇಲಿ ಕೂತ್ಕೋತೀನಿ. ನನ್ನ ನಂಬಿ ಅಂತ ನಾನು ಕೇಳಲ್ಲ, ಕೇಳಿ ಕೇಳಿ ಸಾಕಾಗಿದೆ. ಇದೊಂದು ಮಾತು ಹೇಳಿ ಅಪ್ಪ. ಇಷ್ಟು ದಿನ ನಿಮ್ಮ ಕಾಲಡಿ ಏನೂ ಇರಲಿಲ್ಲ. ಏನಾದ್ರೂ ಆಯ್ತಾ?"

ಮಾಸ್ತರು ಎಣಿಸಲು ಬೆರಳು ಮಡಚಿದರು. ಹೇಳಲು ಒಂದು ಅಪಘಾತವೂ ನೆನಪಾಗಲಿಲ್ಲ. ಒಂದು ಗೀರೂ ಇಲ್ಲ. ಮಳೆಯಲ್ಲಿ, ಸಂತೆಯಂಥ ಜಂಗುಳಿಯಲ್ಲಿ, ನರಳುವ ರೋಗಿಗಳನ್ನು ಹಿಂದೆ ಕೂರಿಸಿಕೊಂಡು ಅವಳು ಓಡಿಸಿದ್ದಳು. ಅದರ ಜೊತೆಗೆ ಅವರ ಕಾಲನ್ನೂ ಕಾದಿದ್ದಳು. ಕೆಳಗೇನು ನೋಡ್ತೀಯ ಅಂತ ತಾವು ಗದರಿದ್ದೆಲ್ಲ ಒಂದೊಂದಾಗಿ ಕಿವಿಗೆ ಬಂದು ಬಡಿಯಿತು. ನಾಚಿಕೆಯಾಯಿತು ಅವರಿಗೆ. ಒಪ್ಪಿಕೊಳ್ಳುವ ಆಸಾಮಿಯಲ್ಲ, ಆದರೆ ಆಯಿತು.

ಬೀಗದ ಕೈ ಎತ್ತಿ ಫಿಟ್ಟರನ ಕೈಗೆ ಕೊಟ್ಟರು. "ಹೂಂ, ಮುಗಿಸಪ್ಪ. ನಾನು ನೋಡ್ತೀನಿ" ಅಂದರು.

ಎಂಜಿನ್ ಮತ್ತೆಂದೂ ಓಡದಂತೆ ಅದರ ಎಣ್ಣೆ ಬಸಿದು, ಒಳಗೆ ಹೋಗಿ ಗಾಜಿನಂತೆ ಗಟ್ಟಿಯಾಗುವ ದ್ರಾವಣ ಸುರಿದು, ಫಿಟ್ಟರ್ ಕಾರು ಚಾಲೂ ಮಾಡಿದ. ಮುದಿ ಕಾರು ಹಟಮಾರಿ, ಬೇಗ ಸಾಯಲಿಲ್ಲ. ಕೆಮ್ಮಿತು, ನಡುಗಿತು, ಹೊಗೆ ಬಿಟ್ಟಿತು, ಕೊನೆಗೆ ಗಕ್ಕೆಂದು ನಿಂತಿತು. ಮಾಸ್ತರು ಹತ್ತಿರ ಹೋಗಿ ಬೀಗದ ಕೈ ತಿರುಗಿಸಿ ನೋಡಿದರು. ನಿಜವಾಗಿಯೂ ಸತ್ತಿದೆಯೇ ಅಂತ ಖಾತ್ರಿಯಾಗಬೇಕಲ್ಲ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

ಹೊಸ ಕಾರಿನ ಅಂಗಡಿ ರಸ್ತೆಯ ಆಚೆ ಬದಿಗೇ ಇತ್ತು. ಹಲ್ಲುಗಿಂಜುವವನು ಎದ್ದು ನಿಂತು ನಕ್ಕ. ಈ ಸಲ ಮಾಸ್ತರೂ ತಲೆಯಾಡಿಸಿದರು. ಹಳೆಯ ಪೆಡಲನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಕಾರಿನ ಪಕ್ಕದ ಸೀಟಿನಲ್ಲಿ ಕೂತರು. ಕಾಲಡಿ ಬರೀ ಚಾಪೆ. ಮಗಳು ಕಾರನ್ನು ರಸ್ತೆಗೆ ತಂದಳು.

ಬೇಕರಿಯ ಮುಂದೆ ಸೈಕಲ್ಲಿನವನೊಬ್ಬ ಅಡ್ಡ ತಿರುಗುವಂತೆ ಕಂಡ. ಮಾಸ್ತರ ಬಲಗಾಲು ತಾನೇ ತಾನಾಗಿ ಚಾಪೆಯನ್ನು ಒತ್ತಿತು. ಕಾರು ಮೆಲ್ಲಗೆ ನಿಧಾನವಾಯಿತು. ಸೈಕಲ್ಲಿನವನು ತಿರುಗಲೇ ಇಲ್ಲ, ನೇರ ಹೋದ. ಮಾಸ್ತರು ತಿರುಗಿ ನೋಡಿದರು. ಮಗಳ ಕಣ್ಣು ಅವರ ಕಾಲಿನ ಮೇಲಿತ್ತು.

"ನಿಲ್ಲಿಸು" ಅಂದರು.

"ಅಪ್ಪ, ಅಭ್ಯಾಸ ಬಲ. ಬೈಬೇಡಿ..."

"ಬೈಯಲ್ಲ, ನಿಲ್ಲಿಸು. ನಾನು ಇಳಿದು ನಡ್ಕೊಂಡು ಹೋಗ್ತೀನಿ. ನಾಳೆಯಿಂದಲೂ ಬರಲ್ಲ." ಅವರು ಬಾಗಿಲ ಹಿಡಿಗೆ ಕೈ ಹಾಕಿದರು. "ನನ್ನ ಕಾಲು ನೋಡ್ತಾ ನೀನು ಯಾರಿಗಾದ್ರೂ ಗುದ್ದಿದ್ರೆ ಏನು ಗತಿ? ಆ ಕಾಲನ್ನ ಮಾತ್ರ ನಾನು ನಂಬಲ್ಲ. ರಸ್ತೆ ನೋಡಿ ಓಡಿಸು ಮಗಳೇ."

ಮಗಳ ಕಣ್ಣು ತುಂಬಿತು. ಮಾಸ್ತರು ಅದನ್ನು ನೋಡದವರಂತೆ ಇಳಿದು, ಬಾಗಿಲು ಹಾಕಿ, ಸರಿಯಾಗಿ ಹಾಕಿದೆಯೇ ಅಂತ ಒಮ್ಮೆ ಜಗ್ಗಿ ನೋಡಿದರು. ಕಾರು ಆಸ್ಪತ್ರೆಯ ಕಡೆ ಹೊರಟಿತು. ಮಗಳು ಗಾಡಿ ಓಡಿಸುವುದನ್ನು ಅವರು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ತಿರುವು ಹತ್ತಿರ ಬಂತು. ಅಲ್ಲಿ ಲಾರಿಗಳು ನುಗ್ಗುತ್ತವೆ, ಅಲ್ಲಿ ಒತ್ತಬೇಕು. ಫುಟ್‌ಪಾತಿನ ಮೇಲೆ ನಿಂತಿದ್ದ ಮಾಸ್ತರ ಬಲಗಾಲು ಕಲ್ಲನ್ನು ಒತ್ತಿತು. ಅದೇ ಗಳಿಗೆಗೆ ದೂರದಲ್ಲಿ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು.

"ಸರಿಯಾಗೇ ಹಿಡಿದ್ಲು" ಎಂದು ಗೊಣಗಿ, ಪೆಡಲನ್ನು ಕಂಕುಳಿಗೆ ಸೇರಿಸಿಕೊಂಡು ಮಾಸ್ತರು ಮನೆಯ ದಾರಿ ಹಿಡಿದರು.