ಮರಗಟ್ಟಿದ ಕಿರುಬೆರಳು

ಶರಣಬಂಧುಗಳೇ, ನಾನು ಪೆಡಲ್ ತುಳಿದವನು, ಪೆನ್ನು ಹಿಡಿದವನಲ್ಲ. ಸಿಟ್ಟಿನ ಮನುಷ್ಯ ಬೇರೆ. ಆದರೂ ಎದೆಯಲ್ಲಿ ಇಟ್ಟುಕೊಂಡ ಈ ಮಾತನ್ನು ನಿಮ್ಮ ಮುಂದೆ ಇಡದಿದ್ದರೆ ಉಂಡ ಮನೆಯ ಋಣ ಮರೆತಂತೆ ಆಗುತ್ತದೆಂದು ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದ ನಡುವಿನ ಸಂಗತಿ. ನಮ್ಮೂರು ಕಲಘಟಗಿ ತಾಲೂಕಿನ ಮಿಶ್ರಿಕೋಟಿ. ನನಗಾಗ ಇಪ್ಪತ್ತೊಂದು ವರ್ಷ. ಜಿಲ್ಲೆಯ ಸೈಕಲ್ ರೇಸುಗಳಲ್ಲಿ ಮೊದಲ ಮೂವರೊಳಗೆ ಇರುತ್ತಿದ್ದೆ. ಶ್ರಾವಣ ಕಳೆದ ಮೇಲೆ ರಾಜ್ಯ ತಂಡಕ್ಕೆ ಟ್ರ್ಯಾಕಿನಲ್ಲಿ ಆಯ್ಕೆ ನಡೆಯುವುದಿತ್ತು. ನಾನು ದೇವರಲ್ಲಿ ಬೇಡಿಕೊಂಡಿದ್ದು ಅದೊಂದನ್ನೇ. ಸರಿಯಾಗಿ ಆಗಲೇ ನನ್ನ ಎಡಗೈಯ ಕಿರುಬೆರಳು ಮರಗಟ್ಟಿತು.

ಎಂಟು ದಿನದಲ್ಲಿ ಉಂಗುರದ ಬೆರಳೂ ಹಾಗೇ ಆಯಿತು. ಮುಂದೆ ಬ್ರೇಕ್ ಒತ್ತಲೂ ಬಲ ಉಳಿಯಲಿಲ್ಲ. ಕಲಘಟಗಿ ರಸ್ತೆಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು, ಕೈ ನನ್ನ ಮಾತು ಕೇಳಲಿಲ್ಲ, ಸೈಕಲ್ ಸಮೇತ ಗಟಾರಕ್ಕೆ ಬಿದ್ದೆ. ಎಮ್ಮೆ ನನ್ನನ್ನು ನೋಡಿ ಸುಮ್ಮನೆ ಮೆಲುಕು ಹಾಕುತ್ತ ನಿಂತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಮೂರು ಸಲ ಹೋದೆ. ನಿಂತೇ ಹೋಗಬೇಕು, ಎಡಗೈಯಿಂದ ಸರಳು ಹಿಡಿದರೆ ಹಿಡಿದಿದ್ದೇನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಕ್ಸರೇ ತೆಗೆದರು, ಮೂಳೆ ನೆಟ್ಟಗಿತ್ತು. ಡಾಕ್ಟರು ಕೇಳಿದರು, "ನರದ ತ್ರಾಸ ಇದ್ದಂಗ ಕಾಣತೈತಿ. ಕೈ ಮ್ಯಾಲ ಏನರ ಒತ್ತಡ ಬೀಳತೈತೇನು?"

"ಇಲ್ರಿ," ಅಂದೆ. ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

ನಾನು ಯಾರಿಗೂ ಹೇಳದೆ ಮುಚ್ಚಿಟ್ಟ ಸಂಗತಿ ಒಂದಿತ್ತು. ಆ ಬೇಸಿಗೆಯಲ್ಲಿ ಅಳ್ನಾವರದಿಂದ ಧಾರವಾಡಕ್ಕೆ ರೇಸ್ ಇತ್ತು. ಬಗ್ಗಿ ತುಳಿಯುವಾಗ ಕೊರಳಲ್ಲಿದ್ದ, ಇಷ್ಟಲಿಂಗವನ್ನಿಟ್ಟ ಪುಟ್ಟ ಕರಡಿಗೆ ಅಂಗಿಯಿಂದ ಹೊರಬಂದು ತೂಗಾಡಿತು, ಹ್ಯಾಂಡಲ್ಲಿಗೆ ಸಿಕ್ಕಿತು, ಅದನ್ನು ಕಟ್ಟಿದ್ದ ಶಿವದಾರ ಹರಿಯಿತು. ಬೀಳುವಷ್ಟರಲ್ಲಿ ಹೇಗೋ ಹಿಡಿದುಕೊಂಡೆ. ಲಿಂಗ ಮೈಬಿಟ್ಟರೆ ಪ್ರಾಣ ಬಿಟ್ಟಂತೆ ಎಂದು ಕಲಿಸಿ ಬೆಳೆಸಿದ ಮನೆ ನಮ್ಮದು. ಅಂದಿನಿಂದ ಸೈಕಲ್ ಹತ್ತುವ ಮುಂಚೆ ಕರಡಿಗೆಯನ್ನು ಎಡಬಗಲಿಗೆ ಒತ್ತಿ, ಅರಿವೆಯ ಪಟ್ಟಿಯಿಂದ ಹಲ್ಲು ಕಚ್ಚಿ ಬಿಗಿಯುತ್ತಿದ್ದೆ. ಇಳಿದ ಮೇಲೆ ಬಿಚ್ಚಿ ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಆಸ್ಪತ್ರೆಗೆ ಹೋದಾಗಲೂ ಅದು ಕೊರಳಲ್ಲೇ ಇತ್ತು.

ಕೈ ಹೋಗುತ್ತಿರುವುದು ಆ ದಿನದ ಶಿಕ್ಷೆ ಎಂದೇ ನಂಬಿದೆ. ದಿನಾ ಬೆಳಿಗ್ಗೆ ಎಡ ಅಂಗೈ ಮೇಲೆ ಲಿಂಗವನ್ನಿಟ್ಟು ನೀರು ಹನಿಸಿದರೆ, ಕಿರುಬೆರಳಿನ ಮೇಲೆ ಹರಿದ ನೀರಿನ ತಂಪು ನನಗೆ ತಿಳಿಯುತ್ತಿರಲಿಲ್ಲ. ಪೂಜೆಯ ಮಧ್ಯದಲ್ಲೇ ಅತ್ತಿದ್ದೇನೆ.

ತರಬೇತಿ ಕೊಡುತ್ತಿದ್ದ ಸರ್ ಖಡಕ್ಕಾಗಿ ಹೇಳಿಬಿಟ್ಟರು, "ಲೇ, ಕೈ ಸುದ್ದ ಆಗೂತನಕ ಟ್ರ್ಯಾಕ್ ಮ್ಯಾಲ ಬಿಡಂಗಿಲ್ಲ. ನೀ ಬಿದ್ರ ಹಿಂದ ಬರಾವ್ರೂ ಬೀಳ್ತಾರ." ಅವ್ವ, "ಸೈಕಲ್ ಗ್ವಾಡಿಗೆ ಆನಿಸಿಡಪಾ, ಜೀಂವ ಇದ್ರ ಸಾಕು," ಎಂದಳು. ಇಬ್ಬರ ಮೇಲೂ ಸಿಟ್ಟು ಬಂತು. ಇಬ್ಬರ ಮಾತೂ ಖರೇನೇ ಇತ್ತು.

ಕೊನೆಗೆ ಒಂದು ಸೋಮವಾರ, ಸೈಕಲ್ಲನ್ನು ದೇವರಿಗೇ ಒಪ್ಪಿಸಿಬಿಡೋಣವೆಂದು ದೇವಿಕೊಪ್ಪದ ಕಡೆಯ ಒಂದು ಸಣ್ಣ ಮಠಕ್ಕೆ ಹೊರಟೆ. ಎಂದಿನಂತೆ ಕರಡಿಗೆಯನ್ನು ಬಗಲಿಗೆ ಬಿಗಿದುಕೊಂಡು, ಬಲಗೈ ಒಂದರ ಮೇಲೇ ಭಾರ ಹಾಕಿ ತುಳಿದೆ. ದಾರಿಯುದ್ದಕ್ಕೂ ಒಂದೇ ಮಾತು: "ತಂದೆ, ಕೈ ಕೊಡು, ಇಲ್ಲಾ ಆಸೆ ಕಿತ್ತುಕೋ. ಎರಡರಲ್ಲಿ ಒಂದು ಮಾಡು."

ಪೂಜೆಗೆ ಮುಂಚೆ ಸ್ನಾನ ಮಾಡಲು ಮಠದ ಬಾವಿಯ ಬಳಿ ಅಂಗಿ, ಬನಿಯನ್ ತೆಗೆದು, ಪಟ್ಟಿ ಬಿಚ್ಚಿದೆ. ಅಂಗಳ ಗುಡಿಸುವ ಅಜ್ಜಿಯೊಬ್ಬಳು ನೀರು ಸೇದುತ್ತಿದ್ದಳು; ಕಲ್ಲಮ್ಮಜ್ಜಿ ಎಂಬ ಹೆಸರು ಆಮೇಲೆ ತಿಳಿಯಿತು. ನನ್ನನ್ನು ನೋಡಿ ಹಗ್ಗ ನಿಲ್ಲಿಸಿದಳು.

"ಏ ತಮ್ಮಾ, ಬಗಲಾಗ ಅದೇನೋ ಬರಿ? ಎತ್ತಿನ ಕೊಳ್ಳಿಗೆ ಹಗ್ಗ ಬಿಗದಂಗ ಆಗೇತಿ!"

"ನಿನಗ್ಯಾಕ ಬೇಕಬೇ? ನಿನ್ನ ನೀರು ನೀ ಸೇದು," ಎಂದು ರೇಗಿದೆ.

ಅಜ್ಜಿ ಕದಲಲಿಲ್ಲ. ಅವಳು ನೋಡುವ ರೀತಿಗೆ ನನ್ನ ಸಿಟ್ಟು ಇಳಿಯಿತು. ದಾರ ಹರಿದದ್ದು, ಬೆರಳು ಸತ್ತದ್ದು, ಸೈಕಲ್ ಮಠಕ್ಕೆ ಒಪ್ಪಿಸಲು ಬಂದದ್ದು, ಅವ್ವನಿಗೂ ಹೇಳದ ಎಲ್ಲವನ್ನೂ ಆ ಗುರುತಿಲ್ಲದ ಮುದುಕಿಗೆ ಹೇಳಿ ಅತ್ತೆ.

"ಅಯ್ಯ ನನ್ನಪ್ಪಾ," ಎಂದಳು. "ಓಡಿಹೋಗ್ತಾನಂತ ಕಟ್ಟಿ ಹಾಕೀಯೇನು ಅವನ್ನ? ನೀ ಅವನ್ನ ಹಿಡದೀಯೋ, ಅವ ನಿನ್ನ ಹಿಡದಾನೋ? ಬಿಗದು ಬಿಗದು ರಗತ ನಿಲ್ಲಿಸೀಯಲ್ಲೋ, ಕೈ ಹೆಂಗ ಉಳೀತದ?"

ನನ್ನ ಬನಿಯನ್ ಕಸಿದುಕೊಂಡು, ತನ್ನ ಹಳೇ ಇಳಕಲ್ ಸೀರೆಯ ತುಂಡು ಹರಿದು, ಎದೆಯ ಒಳಬದಿಗೆ ಒಂದು ಕಿಸೆ ಹೊಲಿದಳು. ಬಾಯಿಗೆ ಗುಂಡಿ ಹಚ್ಚಿದಳು. "ಇಲ್ಲಿ ಇಟ್ಕೋ. ಎದಿಗೆ ಹತ್ತಿ ಇರ್ತಾನ, ಬೀಳಂಗಿಲ್ಲ. ಸೈಕಲ್ ಮಠಕ್ಕ ಯಾಕೋ? ಇಲ್ಲಿ ಯಾರು ತುಳಿಯಾವ್ರು? ತೊಗೊಂಡು ಹೋಗು."

ಮತ್ತೆ ಹುಬ್ಬಳ್ಳಿಗೆ ಹೋಗಿ ಬರೆ ತೋರಿಸಿದೆ. ಡಾಕ್ಟರು ತಲೆಯಾಡಿಸಿ, "ಬಿಚ್ಚಿದ್ದ ಔಷಧ. ನರ ತಿರುಗಿ ಬರಾಕ ಭಾಳ ದಿನ ಹಿಡೀತೈತಿ," ಎಂದರು. ದಿನ ಎಣಿಸುತ್ತ ಕೂತೆ. ಮೂರು ವಾರವಾದರೂ ಏನೂ ಇಲ್ಲ. ಒಂದು ಬೆಳಿಗ್ಗೆ ಪೂಜೆಯಲ್ಲಿ ನೀರು ಹನಿಸಿದಾಗ ಕಿರುಬೆರಳಿನ ಬುಡದಲ್ಲಿ ಚಳ್ಳೆಂದಿತು. ಇನ್ನೊಂದು ಹನಿ ಬಿಟ್ಟೆ. ತಂಪು! "ಅವ್ವಾ!" ಎಂದು ಕೂಗಿದ್ದಕ್ಕೆ ಅವಳು ಹಾವು ಬಂತೆಂದು ಕೋಲು ಹಿಡಿದು ಓಡಿಬಂದಳು.

ಆಯ್ಕೆಯ ದಿನ ಸರ್ ನನ್ನ ಎಡಗೈಯಿಂದ ಅವರ ಕೈಯನ್ನು ಹಿಂಡಿಸಿ ನೋಡಿ, ಆಮೇಲೆ ಟ್ರ್ಯಾಕಿಗೆ ಬಿಟ್ಟರು. ಬಗ್ಗಿ ತುಳಿಯುವಾಗ ಕರಡಿಗೆ ಎದೆಗೆ ತಾಗುತ್ತಿತ್ತು. ನಾಲ್ವರನ್ನು ಆರಿಸಿದರು, ನಾಲ್ಕನೆಯವನು ನಾನು. ಮುಂದೆ ಏಳು ವರ್ಷ ರಾಜ್ಯದ ಅಂಗಿ ತೊಟ್ಟು, ರಸ್ತೆಯಲ್ಲೂ ಟ್ರ್ಯಾಕಿನಲ್ಲೂ ತುಳಿದೆ.

ಆಯ್ಕೆಯಾಗಿ ಮನೆಗೆ ಬಂದ ದಿನ ಅವ್ವನಿಗೆ ಎಲ್ಲ ಹೇಳಿದೆ. "ದಾರ ಹರದಿತ್ತವ್ವಾ. ಹೆದರಿ ಹೇಳಲಿಲ್ಲ."

ಅವ್ವ ಕೇಳಿದಳು, "ನೆಲಾ ಮುಟ್ಟಿತೇನು?"

"ಇಲ್ಲ. ಹಿಡಕೊಂಡೆ."

"ಯಾವ ಕೈಲೆ?"

ಆವರೆಗೆ ಅದನ್ನು ನಾನು ಯೋಚಿಸಿರಲೇ ಇಲ್ಲ. "ಎಡಗೈಲೆ," ಎಂದೆ. ಅವ್ವ ಆ ಕೈಯನ್ನು ಎಳೆದುಕೊಂಡು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಬಂಧುಗಳೇ, ಶಿಕ್ಷೆ ಕೊಡುತ್ತಾನೆಂದು ನಾನು ಹೆದರಿದವನು ನನ್ನಿಂದ ಏನೂ ಕಸಿದುಕೊಂಡಿರಲಿಲ್ಲ. ನನ್ನ ಭಯವೇ ನನ್ನ ಕೈ ಕಟ್ಟಿತ್ತು. ಇಂದಿಗೂ ಪೂಜೆ ಮುಗಿಸಿ ಶಿವದಾರಕ್ಕೆ ಗಂಟು ಹಾಕುವಾಗ ನಡುವೆ ಒಂದು ಬೆರಳಿನಷ್ಟು ಸಡಿಲ ಬಿಡುತ್ತೇನೆ. ಅಳತೆಗೆ ಅದೇ ಕಿರುಬೆರಳನ್ನು ಇಡುತ್ತೇನೆ.