ರವಿರಾಜ್ ಶೆಟ್ಟರ ಒಂಬತ್ತು ಕುಳಿ

ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದ ರವಿರಾಜ್ ಶೆಟ್ಟರು ಶಿರೂರಿನ ಗದ್ದೆಯಲ್ಲಿ ಗಾಲ್ಫ್ ಮೈದಾನ ಮಾಡಿದಾಗ ಯಾರೂ ತಡೆಯಲಿಲ್ಲ. ತಡೆದರೂ ಅವರು ಕೇಳುವವರಲ್ಲ. ಮಳೆಗಾಲದಲ್ಲಿ ಅಲ್ಲಿ ಭತ್ತ. ಕೊಯ್ಲು ಮುಗಿದ ಮೇಲೆ ಕೂಳೆ ಸವರಿ, ಒಂಬತ್ತು ಕಡೆ ಎಣ್ಣೆ ಡಬ್ಬಿ ಹೂತರೆ ಮೈದಾನ ಸಿದ್ಧ. ಬೂಟು ಬೇಡ, ಸದಸ್ಯತ್ವ ಬೇಡ. ಲುಂಗಿ ಎತ್ತಿ ಕಟ್ಟಿಕೊಂಡು ಬಂದರೂ ಆಯಿತು. ಸಿನಿಮಾ ಟಿಕೆಟ್ಟಿಗಿಂತ ಕಡಿಮೆಗೆ ಕೋಲು, ಚೆಂಡು, ಮೇಲೆ ತಿಂಡಿ. ಬೈಂದೂರಿನ ಬ್ಯಾಂಕಿನವರು, ಬ್ರಹ್ಮಾವರದ ದಂತವೈದ್ಯರು, ಭಾನುವಾರ ಹಾಲಾಡಿಯಿಂದ ಜೀಪು ತುಂಬ ಜನ ಬರುತ್ತಿದ್ದರು.

ಶೆಟ್ಟರ ಆಟ ಅಷ್ಟಕ್ಕಷ್ಟೆ. ಆದರೂ ಅಲ್ಲಿ ಅವರನ್ನು ಸೋಲಿಸಿದವರಿಲ್ಲ. ಆಟಕ್ಕೆ ಮೊದಲು ಎದುರಾಳಿಯನ್ನು ಕೂರಿಸಿ ನೀರುದೋಸೆ, ಕೋಳಿ ಸುಕ್ಕ ಬಡಿಸುವುದು ಅವರ ಪದ್ಧತಿ. ಸಾಕು ಎಂದವನ ಎಲೆಗೆ ಇನ್ನೆರಡು ಬೀಳುತ್ತಿತ್ತು. ನಾಲ್ಕನೆಯ ಕುಳಿಯ ಹೊತ್ತಿಗೆ ಅತಿಥಿಗಳ ಕಣ್ಣು ಎಳೆಯುತ್ತಿತ್ತು. ಸೋತು, ಕೈಮುಗಿದು, ಇಂಥ ಆದರ ಬೇರೆಲ್ಲೂ ಕಾಣೆವು ಎಂದು ಹೋಗುತ್ತಿದ್ದರು.

ತಕರಾರು ಅಕ್ಕ ಸರಸಳದು. ಡ್ರಿಲ್ ಟೀಚರಾಗಿ ನಿವೃತ್ತಳಾದವಳು. ಕೊನೆಯ ಮೂರು ಕುಳಿಗಳಿದ್ದದ್ದು ಅವಳ ಪಾಲಿನ ಮರಳುಗದ್ದೆಯಲ್ಲಿ. ತಮ್ಮ ಕೇಳದೆಯೇ ಡಬ್ಬಿ ಹೂತಿದ್ದ. ಅವಳಿಗೆ ಅಲ್ಲಿ ನೆಲಗಡಲೆ ಹಾಕಬೇಕಿತ್ತು. ಬರೀ ಆರು ಕುಳಿ ಉಳಿದರೆ ಹಾಲಾಡಿಯಿಂದ ಯಾರು ಜೀಪು ಮಾಡಿಕೊಂಡು ಬಂದಾರು ಎಂಬುದು ಶೆಟ್ಟರ ಸಂಕಟ.

"ಆಡಿ ಗೆದ್ರೆ ತಕೋ ಅಕ್ಕ," ಎಂದರು.

"ಸೋತ್ರೆ?"

"ಮತ್ ಕಡ್ಲಿ ಸುದ್ದಿ ತೆಗುಕಾಗ."

ಸರಸ ಒಪ್ಪಿದಳು. ಶೆಟ್ಟರು ಕುಂದಾಪುರದ ಪೇಟೆಗೆ ಹೋದಾಗಲೆಲ್ಲ ಅವಳು ಅಭ್ಯಾಸ ಮಾಡುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಆ ದಿನ ಶೆಟ್ಟರು ನಸುಕಿಗೇ ಎದ್ದು ತಾವೇ ಕೋಳಿ ಬೇಯಿಸಿ, ದೋಸೆ ಹೊಯ್ದು ರಾಶಿ ಹಾಕಿದರು. ಸರಸ ಟೋಪಿ ಏರಿಸಿಕೊಂಡು ಬಂದಳು.

"ಹ್ವಾಯ್, ಮೊದ್ಲ್ ನಾಕ್ ದ್ವಾಸಿ ತಿನ್ನ್ ಕಾಂಬ."

"ಇವತ್ ಸಂಕಷ್ಟಿ ಮಾರಾಯ. ರಾತ್ರಿ ಚಂದ್ರನ್ನ್ ಕಂಡ್ ಮೇಲೇ ನಂದ್ ಊಟ."

"ಮೊದ್ಲೇ ಹೇಳುಕಾಗ್ದಾ? ಇಷ್ಟೆಲ್ಲ ಮಾಡಿ ಇಟ್ಟಿದ್ದೆ."

"ನೀನೇ ತಿನ್ನ್. ಹೋಟ್ಲಿನವ್ನ್ ಕೈಯಂಗೆ ಕೋಳಿ ಹಾಳಾಪುದಾ?"

ಮಾತು ತಾಗಿತು. ದೋಸೆಯ ಚೂರನ್ನೂ ಹಾಳಾಗಲು ಬಿಟ್ಟ ಮನುಷ್ಯನಲ್ಲ. ಕೂತರು, ಒಂದೊಂದಾಗಿ ಎಳೆದುಕೊಂಡರು, ಪಾತ್ರೆಯ ತಳ ಕಂಡ ಮೇಲೆ ಮೇಜು ಹಿಡಿದು ಎದ್ದರು.

ಮೊದಲ ಮೂರು ಕುಳಿಗಳಲ್ಲಿ ಅವರೇ ಮುಂದು. ನಾಲ್ಕನೆಯದರಲ್ಲಿ ಆಕಳಿಕೆ ಬಂತು. ಐದನೆಯದರಲ್ಲಿ ಚೆಂಡು ಗದ್ದೆಯ ಅಂಚಿಗೆ ಬಡಿದು ವಾಪಸು ಅವರ ಕಾಲಬುಡಕ್ಕೇ ಬಂತು. ಬಗ್ಗಿ ನೋಡಲು ಹೊಟ್ಟೆ ಅಡ್ಡವಾಯಿತು. ತೆಂಗಿನ ಬುಡದಲ್ಲಿ ಒಂದು ನಿಮಿಷವೆಂದು ಕೂತವರನ್ನು ಸರಸ ಕೋಲಿನಿಂದ ತಿವಿದು, "ನೆಟ್ಟಗ್ ನಿಲ್ಲ್," ಎಂದಳು. ಅವಳ ಚೆಂಡು ದೂರ ಹೋಗುತ್ತಿರಲಿಲ್ಲ, ಹೋದಷ್ಟು ನೇರ ಹೋಗುತ್ತಿತ್ತು. ಅದು ಒಂಬತ್ತನೆಯ ಡಬ್ಬಿಗೆ ಬಿದ್ದಾಗ ಹೊಡೆತ ಎಣಿಸುವ ಅಗತ್ಯವೇ ಇರಲಿಲ್ಲ. ಶೆಟ್ಟರು ಹಿಂದಿನ ಗದ್ದೆಯಲ್ಲಿ ಇನ್ನೂ ಚೆಂಡು ಹುಡುಕುತ್ತಿದ್ದರು.

ಚೆಂಡಿನ ಆಸೆ ಬಿಟ್ಟು ಶೆಟ್ಟರು ಮರಳಿದಾಗ ಸರಸ ಒಲೆಯ ಬಳಿಯ ಬೆಂಚಿನ ಮೇಲೆ ಕೂತಿದ್ದಳು. "ದ್ವಾಸಿ ಹಿಟ್ ಉಳ್ದಿತ್ತಾ?"

"ಸಂಕಷ್ಟಿ ಅಲ್ದಾ?"

"ಅದ್ ಮೊನ್ನೆಯೇ ಮುಗ್ದಿತ್."

ಶೆಟ್ಟರು ಕಾವಲಿಯನ್ನು ಒಲೆಯ ಮೇಲಿಟ್ಟರು. ಹಸಿದು ಕೂತವರನ್ನು ಹಾಗೇ ಕಳಿಸುವುದು ಅವರಿಂದ ಆಗದ ಕೆಲಸ.

"ಈ ಆಯ್ತವಾರ ಒಂದ್ ಕಳೀಲಿ ಅಕ್ಕ. ಹಾಲಾಡಿಯವ್ರ್ ಬತ್ರ್."

"ಬರ್ಲಿ. ಆರ್ ಕುಳಿ ಆಡಿ, ನನ್ನ್ ಗದ್ದಿಯಂಗೆ ಕಡ್ಲಿ ಬಿತ್ತಲಿ."

ಗೇಟಿನ ಹೊರಗೆ ಬಾಡಿಗೆಗೆ ಉಳುವ ಮುತ್ತು ಟಿಲ್ಲರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬರಲು ನಿನ್ನೆಯೇ ಹೇಳಿದ್ದಳಂತೆ.