ಅಕ್ಕನಿಗಾಗಿ ತೂರದೆ ಇಡಬೇಕಿದ್ದ ಸಜ್ಜೆ

ಅಕ್ಕನಿಗೆ ಕೊಟ್ಟ ಒಂದು ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಅವಳ ಬಲಗೈ ಬೆರಳುಗಳಿಗೆ ಸದಾ ಸೀಮೆಸುಣ್ಣದ ಪುಡಿ ಮೆತ್ತಿರುತ್ತದೆ. ನನ್ನ ಹೊಲಕ್ಕೆ ಬಂದಕೂಡಲೇ ಒಂದು ಬೆರಳನ್ನು ಒದ್ದೆ ಮಾಡಿ, ಮೇಲೆತ್ತಿ, ಗಾಳಿ ಯಾವ ಕಡೆಯದೆಂದು ನೋಡುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳು ಕೊಟ್ಟೂರಿನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು.

ಭಾನುವಾರ ಬಂದರೆ ಆಕಾಶದ್ದೇ ಮಾತು. ನಕ್ಷತ್ರಗಳ ದೊಡ್ಡ ಗುಂಪಿಗೆ ಗ್ಯಾಲಕ್ಸಿ ಅನ್ನುತ್ತಾರಂತೆ. ಅದರ ನಡುವೆ ಬೆಳಕನ್ನೂ ನುಂಗುವ ಕಪ್ಪು ಕುಳಿ.

"ಅದು ನುಂಗೂಮುಂದ ಗಾಳಿ ಏಳತೈತಿ ತಮ್ಮಾ. ಗ್ಯಾಲಕ್ಸಿ ದಾಟಿ ಹೊರಗ ಹೋಗತೈತಿ."

"ನುಂಗೋ ಬಾಯಿ ಊದತೈತೇನಕ್ಕಾ? ಎಂಥಾ ಬಾಯಿ ಅದು!"

"ಬಾಯೊಳಗಿಂದ ಅಲ್ಲಲೇ. ಒಳಗ ಬೀಳೋಕಿಂತ ಮೊದಲ ಅನಿಲ ಸುತ್ತಿ ಸುತ್ತಿ, ತಿಕ್ಕಾಡಿ ಉರಿಯಾಗತೈತಿ. ಆ ಉರಿ ಉಳಿದ ಅನಿಲಾನ ಹೊರಗ ದಬ್ಬತೈತಿ. ಭಾರದ ನಕ್ಷತ್ರ ಕಾಳಿನಂಗ ಉಳೀತಾವ, ಅನಿಲ ಹೊಟ್ಟಿನಂಗ ಹಾರತೈತಿ. ಹೊಸಾ ನಕ್ಷತ್ರ ಹುಟ್ಟೋದು ಆ ಅನಿಲದಿಂದಾನ. ಅದ ಹೋದರ ಮುಂದ ಹುಟ್ಟೋದು ಏನು?"

ನನಗೆ ಅರ್ಧ ತಿಳಿಯಿತು. ಕಣದಲ್ಲಿ ನಿಂತು ಮೊರ ಎತ್ತುವಾಗಲೆಲ್ಲ ಉಳಿದರ್ಧ ತಲೆ ತಿನ್ನುತ್ತಿತ್ತು.

"ಶನಿವಾರ ಶಾಲಿ ಮಕ್ಕಳನ್ನ ಕರಕೊಂಡು ಬರ್ತೀನಿ. ಅವರ ಕೈಲೇ ತೂರಿಸಿ ತೋರಸ್ತೀನಿ. ಬಡದ ಸಜ್ಜಿ ಒಂದೀಟು ತೂರದಂಗ ಇಡಲೇ," ಎಂದಳು.

"ಇಡ್ತೀನಿ ಹೋಗಕ್ಕಾ."

ಶುಕ್ರವಾರ ಪಕ್ಕದ ಹೊಲಕ್ಕೆ, ಕಾಳು ಹೊಟ್ಟು ತಾನೇ ಬೇರೆ ಮಾಡುವ ರಾಶಿ ಮಷೀನು ಬಂತು. ಬಾಗಿಲಿಗೆ ಬಂದ ಮಷೀನನ್ನು ಯಾರು ಬಿಡುತ್ತಾರೆ? ಅವಳಿಗೆಂದು ಇಟ್ಟದ್ದನ್ನೂ ಹಾಕಿಸಿಬಿಟ್ಟೆ. ಫೋನು ಜೇಬಿನಲ್ಲೇ ಇತ್ತು. ಬೈಯುತ್ತಾಳೆಂದು ತೆಗೆಯಲಿಲ್ಲ.

ಮರುದಿನ ಮಕ್ಕಳು ಬಸ್ಸಿಳಿದು ಬಂದರು. ಕಣದಲ್ಲಿ ಹೊಟ್ಟಿನ ಗುಡ್ಡೆ ಮಾತ್ರ ಇತ್ತು.

"ಟೀಚರ್, ಕಾಳು ಎಲ್ಲಿ ಅದಾವ್ರಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಗಾಳಿ ಜೋರಿತ್ತು. ಹಾರಿಸಿಕೊಂಡು ಹೋಗೇತಿ," ಎಂದಳು.

ಒಬ್ಬ ಹುಡುಗಿ ಬಿಡಲಿಲ್ಲ. "ಭಾರದ್ದು ಉಳೀತೈತಿ ಅಂದಿದ್ರಿ ನೀವು. ಕಾಳು ಹೋಗಿ ಹೊಟ್ಟು ಹೆಂಗ ಉಳೀತ್ರಿ?"

ಪ್ರಶ್ನೆ ಕೇಳಿದವರ ಬೆನ್ನು ತಟ್ಟುವ ಅಕ್ಕ, ಅಂದು ಮಾತ್ರ "ನಡೀರಿ, ಬಸ್ಸು ತಪ್ಪತೈತಿ" ಎಂದು ಮುಖ ತಿರುಗಿಸಿದಳು. ಅವಳು ಮಕ್ಕಳಿಗೆ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎರಡು ದಿನ ಅನ್ನ ಸೇರಲಿಲ್ಲ. ಸೋಮವಾರ ಅವಳ ಶಾಲೆಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಕ್ಲಾಸಿನೊಳಗೆ ನಿಂತೆ. ಆ ಹುಡುಗಿ ಎರಡನೇ ಬೆಂಚಿನಲ್ಲಿದ್ದಳು.

"ನೀ ಕೇಳಿದ್ದು ಖರೆ ಐತವ್ವಾ. ಕಾಳನ್ನ ಗಾಳಿ ಒಯ್ದಿಲ್ಲ. ಮಷೀನಿಗೆ ಹಾಕಿಸಿದಾವ ನಾನು. ನನ್ನ ಮರ್ಯಾದಿ ಕಾಯಾಕ ನಿಮ್ಮ ಟೀಚರ್ ಹಂಗಂದ್ಲು."

ಆಮೇಲೆ ಹಲಗೆಯ ಮುಂದೆ ನಿಂತಿದ್ದ ಅವಳ ಕಡೆ ತಿರುಗಿದೆ.

"ತಪ್ಪಾತಕ್ಕಾ."